ತಮ್ಮನ ಬಲಗಾಲ ಮಂಡಿ

ಇಂಥ ಕತೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಒಬ್ಬರು, ತೀರಿಕೊಂಡ ಅತ್ತೆ ಲಿಫ್ಟಿನೊಳಗೆ ನಿಂತಿದ್ದನ್ನು ಕಂಡೆ ಎಂದರು. ನಮಗೇ ವಾರಕ್ಕೊಂದು ದಿನವೂ ಸಿಗದ ಲಿಫ್ಟು ಅವರಿಗೆ ಹೇಗೆ ಸಿಕ್ಕಿತು ಎಂದು ಕೇಳಿ ಅವರ ಬಾಯಿ ಮುಚ್ಚಿಸಿದವಳು ನಾನು. ಊರಿನಿಂದ ಬಂದ ನೆಂಟರು, ದರ್ಶನದಲ್ಲಿ ದೈವ ಮೈಮೇಲೆ ಬಂದ ಪಾತ್ರಿ ಹೇಳಿದ್ದು ಅಕ್ಷರಶಃ ನಡೆಯಿತು ಎಂದು ಕಣ್ಣರಳಿಸಿಕೊಂಡು ಶುರು ಮಾಡಿದರೆ ನಾನು ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ಅಹಂಕಾರ ಎಂದುಕೊಂಡವರಿದ್ದಾರೆ. ಅಂದುಕೊಳ್ಳಲಿ. ನಾನು ಎಂಆರ್‌ಐ ಯಂತ್ರ ನಡೆಸುವ ಟೆಕ್ನಿಶಿಯನ್. ಮನುಷ್ಯರ ಒಳಗೆ ಏನಿದೆ ಎಂದು ದಿನಬೆಳಗಾದರೆ ನೋಡುವುದೇ ನನ್ನ ಹೊಟ್ಟೆಪಾಡು. ಮೂಳೆ ಇದೆ, ನೀರಿದೆ, ಕೊಬ್ಬಿದೆ. ಅದರಾಚೆ ಬೇರೇನಾದರೂ ಇದ್ದಿದ್ದರೆ ಇಷ್ಟು ವರ್ಷದಲ್ಲಿ ಒಮ್ಮೆಯಾದರೂ ಪರದೆಯ ಮೇಲೆ ಬರಬೇಕಿತ್ತಲ್ಲ ಎಂಬುದು ನನ್ನ ವಾದವಾಗಿತ್ತು.

ಈಗಲೂ ವಾದ ಮಾಡುತ್ತೇನೆ, ಆದರೆ ದನಿ ಸ್ವಲ್ಪ ತಗ್ಗಿದೆ. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಸಾನಪಾಡಾದ ಸೆಂಟರಿನಲ್ಲಿ ನನಗಾದ ಅನುಭವ ಅದಕ್ಕೆ ಕಾರಣ. ಅದನ್ನು ನಡೆದ ಹಾಗೆಯೇ ಹೇಳುತ್ತೇನೆ. ನಂಬಿ ಎಂದು ಯಾರ ಕಾಲಿಗೂ ಬೀಳುವುದಿಲ್ಲ, ಏಕೆಂದರೆ ಬೇರೆ ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ.

ಅದಕ್ಕೆ ಮೊದಲು ನನ್ನ ತಮ್ಮನ ವಿಷಯ ಹೇಳಬೇಕು. ಅವನ ಹೆಸರು ಸುಧೀರ. ಮನೆಯಲ್ಲಿ ಸುಧಿ. ನಮ್ಮದು ಕುಂದಾಪುರದ ಕಡೆ. ಅಪ್ಪ ಠಾಣೆಯ ಕೋಪರಿಯಲ್ಲಿ ಒಂದು ಹೋಟೆಲಿನಲ್ಲಿ ಅಡುಗೆಗಿದ್ದರು, ನಾವಿಬ್ಬರೂ ಅಲ್ಲೇ ಹಿಂದಿನ ಗಲ್ಲಿಯಲ್ಲಿ ಬೆಳೆದವರು. ಅಪ್ಪ ಬೇಗ ಹೋದರು. ಅಮ್ಮ, ನಾನು, ಸುಧಿ ಡೊಂಬಿವಲಿಗೆ ಬಂದೆವು. ನಾನು ಪುಸ್ತಕದ ಹುಳ, ಅವನು ಮಣ್ಣಿನ ಹುಳ. ಕಬಡ್ಡಿ ಎಂದರೆ ಅವನಿಗೆ ಊಟ ಬೇಡ, ನಿದ್ದೆ ಬೇಡ. ಸಂಜೆ ಮೈಯೆಲ್ಲ ಮಣ್ಣು ಮಾಡಿಕೊಂಡು ಬಂದು, ಅಮ್ಮ ಬೈಯುವ ಮೊದಲೇ ಬಾತ್‌ರೂಮಿಗೆ ನುಗ್ಗುತ್ತಿದ್ದ. ಒಳಗಿನಿಂದಲೇ ಆ ದಿನದ ಆಟದ ವರದಿ ಕೂಗಿ ಹೇಳುತ್ತಿದ್ದ. ನನಗೆ ಆಟದ ತಲೆಬುಡ ತಿಳಿಯುತ್ತಿರಲಿಲ್ಲ. ಆದರೂ ಬಾಗಿಲ ಹೊರಗೆ ಟವೆಲ್ ಹಿಡಿದುಕೊಂಡು ಕೇಳುತ್ತಾ ನಿಲ್ಲುತ್ತಿದ್ದೆ.

ಅವನನ್ನು ಒಂದು ಕಾರ್ಖಾನೆಯ ತಂಡಕ್ಕೆ ತೆಗೆದುಕೊಳ್ಳುವುದು ಹೆಚ್ಚುಕಡಿಮೆ ಖಾತ್ರಿಯಾಗಿತ್ತು. ಆಟಕ್ಕೆ ಆಟ, ಕಾಯಂ ನೌಕರಿಗೆ ನೌಕರಿ. ಅಷ್ಟರಲ್ಲಿ ಒಂದು ಪಂದ್ಯದಲ್ಲಿ ರೇಡಿಗೆ ಹೋದವನ ಹಿಮ್ಮಡಿಯನ್ನು ಯಾರೋ ಹಿಡಿದರು, ಇವನು ತಿರುಗಿದ, ಪಾದ ತಿರುಗಲಿಲ್ಲ. ಮಂಡಿಯೊಳಗೆ ಟಪ್ ಎಂದ ಶಬ್ದ ತನಗೇ ಕೇಳಿಸಿತು ಎಂದ. ಆಗ ನಾನು ಕೋಪರಿಯಲ್ಲೇ ಒಂದು ಚಿಕ್ಕ ಸೆಂಟರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಅವನ ಸ್ಕ್ಯಾನ್ ನಾನೇ ಮಾಡಿದೆ.

ಆ ಚಿತ್ರ ನನಗೆ ಅವನ ಮುಖದಷ್ಟೇ ಗೊತ್ತು. ತೊಡೆಯ ಮೂಳೆಯಿಂದ ಕೆಳಗಾಲ ಮೂಳೆಗೆ ಓರೆಯಾಗಿ ಒಂದು ಕಪ್ಪು ಪಟ್ಟಿ ಇರುತ್ತದೆ. ಅದೇ ಲಿಗಮೆಂಟು, ಮಂಡಿ ಮುಂದಕ್ಕೆ ಜಾರದ ಹಾಗೆ ಹಿಡಿಯುವುದು ಅದು. ಸುಧಿಯ ಬಲಮಂಡಿಯಲ್ಲಿ ಅದು ಹರಿದು, ಹಳೇ ಹುರಿಹಗ್ಗದ ತುದಿಯ ಹಾಗೆ ಎಳೆ ಎಳೆಯಾಗಿ ಬಿದ್ದಿತ್ತು. ಅದರ ಜೊತೆಗೆ ಇನ್ನೆರಡು ಸಂಗತಿ ಇದ್ದವು, ಪೆಟ್ಟಿಗೂ ಅವಕ್ಕೂ ಸಂಬಂಧವಿಲ್ಲ. ಅವನ ಮಂಡಿಚಿಪ್ಪು ಹುಟ್ಟಿನಿಂದಲೇ ಎರಡು ತುಂಡು. ಕೆಲವರಿಗೆ ಹಾಗಿರುತ್ತದೆ, ತೊಂದರೆಯೇನಿಲ್ಲ. ಮೇಲ್ಗಡೆ ಹೊರಮೂಲೆಯಲ್ಲಿ, ಬಿಸ್ಕತ್ತಿನ ಮೂಲೆ ಮುರಿದು ಮತ್ತೆ ಪಕ್ಕಕ್ಕಿಟ್ಟ ಹಾಗೆ ಕಾಣುತ್ತದೆ. ಇನ್ನೊಂದು, ಕೆಳಗಾಲ ಮೂಳೆಯ ಒಳಬದಿಯಲ್ಲಿ ಎಳ್ಳುಕಾಳಿನಷ್ಟು ಒಂದು ಕಪ್ಪು ಚುಕ್ಕೆ. ಮೂಳೆಯೊಳಗಿನ ಮಚ್ಚೆ ಎನ್ನಬಹುದು, ಅದೂ ನಿರಪಾಯ. ಮುಖಕ್ಕೆ ಬೇಕಾದ ಮಚ್ಚೆಯನ್ನು ಮಂಡಿಯೊಳಗೆ ಬಚ್ಚಿಟ್ಟಿದ್ದೀಯಲ್ಲ, ಯಾವ ಹುಡುಗಿ ನೋಡಬೇಕು ಎಂದು ನಾನು ಅವನನ್ನು ರೇಗಿಸಿದೆ. ಅವನು ನಗಲಿಲ್ಲ. "ಅಕ್ಕ, ಇನ್ ರೇಡಿಗೆ ಹೋಪುಕೆ ಆತ್ತಾ?" ಎಂದಷ್ಟೇ ಕೇಳಿದ.

ಆಪರೇಶನ್ ಮಾಡಿದರೆ ಆಗುತ್ತದೆ, ಒಂದು ವರ್ಷ ತಾಳ್ಮೆ ಬೇಕು ಎಂದರು ಡಾಕ್ಟರು. ಆಪರೇಶನ್ನಿನ ದಿನವೂ ನಿಗದಿಯಾಯಿತು. ಅದಕ್ಕೆ ಕೆಲವು ದಿನ ಮುಂಚೆ, ಕಲ್ಯಾಣದಲ್ಲಿ ಗೆಳೆಯನನ್ನು ನೋಡಿ ಬರುತ್ತೇನೆ ಎಂದು ಮಂಡಿಗೆ ಪಟ್ಟಿ ಬಿಗಿದುಕೊಂಡು ಕುಂಟುತ್ತಾ ಹೊರಟವನು ತಿರುಗಿ ಬರಲಿಲ್ಲ. ಗೆಳೆಯನ ಮನೆಗೂ ಹೋಗಿರಲಿಲ್ಲ. ಜಗಳವಿಲ್ಲ, ಮಾತಿಲ್ಲ, ಒಂದು ಸುಳಿವಿಲ್ಲ. ಆಟ ಕೈತಪ್ಪಿತು ಎಂಬ ಕೊರಗು ಇತ್ತು, ಅದು ನಮಗೂ ಗೊತ್ತಿತ್ತು. ಅದಕ್ಕಾಗಿ ಮನೆಯನ್ನೇ ಬಿಡುತ್ತಾನೆ ಎಂದು ಯಾರು ಅಂದುಕೊಳ್ಳುತ್ತಾರೆ?

ಪೊಲೀಸರು, ಆಸ್ಪತ್ರೆಗಳು, ನೋಡಬಾರದ ಜಾಗಗಳು, ಎಲ್ಲ ಕಡೆ ಅಲೆದದ್ದಾಯಿತು. ನಮ್ಮ ಕಡೆಯವರು ಕಳೆದುಹೋಗುವುದು ಅಷ್ಟು ಸುಲಭವಲ್ಲ. ಎಲ್ಲಿ ಹೋದರೂ ಹಸಿವಾಗುತ್ತದೆ, ಹೋಟೆಲಿಗೆ ಹೋಗುತ್ತಾರೆ, ಗಲ್ಲಾದ ಮೇಲೆ ನಮ್ಮವರೊಬ್ಬರು ಕುಳಿತಿರುತ್ತಾರೆ. ಮಾತಿನ ವರಸೆಯಲ್ಲೇ ಯಾವ ಊರು, ಯಾರ ಮಗ ಎಂದು ಹಿಡಿದುಬಿಡುತ್ತಾರೆ. ಓಡಿಹೋದ ಎಷ್ಟೋ ಹುಡುಗರು ಹೀಗೆ ಸಿಕ್ಕಿದ್ದುಂಟು. ಅಪ್ಪನ ಹಳೇ ಜೊತೆಗಾರರು ಠಾಣೆಯಿಂದ ಪನವೇಲಿನವರೆಗೆ ಗಲ್ಲಾ ಗಲ್ಲಾಕ್ಕೆ ಸುಧಿಯ ಫೋಟೋ ಮುಟ್ಟಿಸಿದರು. ಎಲ್ಲಿಂದಲೂ ಸುದ್ದಿ ಬರಲಿಲ್ಲ. ಅಮ್ಮ ಊರಿಗೆ ಹೋಗಿ ದರ್ಶನದಲ್ಲಿ ಕೇಳಿಸಿದಳು. ದಕ್ಷಿಣ ದಿಕ್ಕಿನಲ್ಲಿದ್ದಾನೆ, ಬರುತ್ತಾನೆ ಎಂದಿತಂತೆ ದೈವ. ಮುಂಬಯಿಯಿಂದ ನೋಡಿದರೆ ನಮ್ಮೂರೂ ದಕ್ಷಿಣವೇ, ಅಲ್ಲಿಂದ ಆಚೆಗೆ ಕೇರಳವೂ ದಕ್ಷಿಣವೇ. ನಾನು ಸಿಟ್ಟಿನಲ್ಲಿ ಹಾಗೆಂದದ್ದಕ್ಕೆ ಅಮ್ಮ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಳು.

ದೈವವನ್ನು ನಂಬದ ನಾನು ಯಾವುದನ್ನು ನಂಬಿದ್ದೆ ಗೊತ್ತೇ? ಮಂಡಿಯನ್ನು. ಹರಿದ ಲಿಗಮೆಂಟು ತಾನಾಗಿ ಕೂಡಿಕೊಳ್ಳುವುದು ಅಪರೂಪ. ಕಾಲು ಮತ್ತೆ ಮತ್ತೆ ಕೈಕೊಡುತ್ತದೆ, ಮೆಟ್ಟಿಲಿಳಿಯುವಾಗ ಜಾರುತ್ತದೆ. ಎಂದಾದರೊಂದು ದಿನ ಅವನು ಯಾವುದಾದರೂ ಡಾಕ್ಟರ ಹತ್ತಿರ ಹೋಗಲೇಬೇಕು, ಅವರು ಸ್ಕ್ಯಾನ್ ಬರೆಯಲೇಬೇಕು. ಹೆಸರು ಬದಲಾಯಿಸಬಹುದು, ಗಡ್ಡ ಬಿಡಬಹುದು. ಮಂಡಿಚಿಪ್ಪನ್ನು ಏನು ಮಾಡುತ್ತಾನೆ? ಹಾಗೆಂದು ನನ್ನ ಜೊತೆ ಕಲಿತು ಕಲ್ಯಾಣ, ವಾಶಿ, ಪನವೇಲಿನ ಸೆಂಟರುಗಳಲ್ಲಿದ್ದವರಿಗೆಲ್ಲ ಹೇಳಿಟ್ಟಿದ್ದೆ: ಬಲಮಂಡಿ, ಎರಡು ತುಂಡಿನ ಚಿಪ್ಪು, ಕೆಳಮೂಳೆಯಲ್ಲಿ ಚುಕ್ಕೆ, ಕಂಡರೆ ಒಂದು ಫೋನ್ ಮಾಡಿ. ಆಗೊಮ್ಮೆ ಈಗೊಮ್ಮೆ ಯಾರಾದರೂ ಫೋನ್ ಮಾಡುತ್ತಿದ್ದರು. ಎರಡು ತುಂಡಿನ ಚಿಪ್ಪಿರುತ್ತಿತ್ತು, ಚುಕ್ಕೆ ಇರುತ್ತಿರಲಿಲ್ಲ. ವರ್ಷ ಕಳೆದ ಹಾಗೆ ಫೋನುಗಳು ನಿಂತವು. ನನ್ನ ಅಭ್ಯಾಸ ನಿಲ್ಲಲಿಲ್ಲ. ಯಾರ ಬಲಮಂಡಿ ಪರದೆಯ ಮೇಲೆ ಬಂದರೂ ನನ್ನ ಕಣ್ಣು ಮೊದಲು ಚಿಪ್ಪಿನ ಮೂಲೆಗೆ ಹೋಗುತ್ತಿತ್ತು, ಆಮೇಲೆ ರೋಗಕ್ಕೆ.

ಅಷ್ಟರಲ್ಲಿ ನಾನು ಕೋಪರಿ ಬಿಟ್ಟು ಸಾನಪಾಡಾದ ದೊಡ್ಡ ಸೆಂಟರಿಗೆ ಬಂದಿದ್ದೆ. ಡೊಂಬಿವಲಿಯಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ಸಾನಪಾಡಾ. ಹೊಸ ಯಂತ್ರ, ಹೊಸ ಕಂಪ್ಯೂಟರು. ಕೋಪರಿಯ ಹಳೇ ಯಂತ್ರವನ್ನು ಯಾವತ್ತೋ ಗುಜರಿಗೆ ಹಾಕಿದ್ದರು. ಇದನ್ನು ಏಕೆ ಹೇಳುತ್ತೇನೆಂದರೆ, ಹಳೇ ಚಿತ್ರ ಹೇಗೋ ನುಸುಳಿ ಬಂದಿರಬೇಕು ಎಂದು ನೀವು ಹೇಳುತ್ತೀರಿ. ನಾನೂ ಮೊದಲು ಅದನ್ನೇ ಯೋಚಿಸಿದೆ. ಅದಕ್ಕೆ ದಾರಿಯೇ ಇರಲಿಲ್ಲ.

ಆ ದಿನ ಊಟ ಮುಗಿಸಿ ಬಂದಾಗ ಕಲಬುರಗಿ ಕಡೆಯ ಒಬ್ಬ ಹೆಂಗಸು ಬೆಂಚಿನ ಮೇಲೆ ಕುಳಿತಿದ್ದಳು. ನೀಲಮ್ಮ ಅಂತ ಹೆಸರು. ಸಣ್ಣ ಮೈಕಟ್ಟು, ನಲವತ್ತರ ಆಸುಪಾಸು. ಸೀವುಡ್ಸಿನ ಹತ್ತಿರ ಕಟ್ಟುತ್ತಿದ್ದ ಬಿಲ್ಡಿಂಗಿನಲ್ಲಿ ಬುಟ್ಟಿ ಹೊತ್ತು ಇಳಿಯುವಾಗ ಒದ್ದೆ ಮೆಟ್ಟಿಲ ಮೇಲೆ ಜಾರಿ ಬಲಮಂಡಿ ಹೊರಳಿತ್ತು. ಕರೆದುಕೊಂಡು ಬಂದ ಮುಕಾದಮ, ಅಂದರೆ ಕೂಲಿಯವರ ಮೇಸ್ತ್ರಿ, ಹೊರಗೆ ಫೋನಿನಲ್ಲಿದ್ದ. ನಾನು ಕನ್ನಡ ಮಾತಾಡಿದ್ದೇ ತಡ, ಅವಳ ಮುಖ ಅರಳಿತು. "ನೀವ್ ನಮ್ಮವ್ರೇ ಏನ್ರೀ ಯಕ್ಕಾ" ಎಂದು ನನ್ನ ಕೈ ಹಿಡಿದುಕೊಂಡಳು.

ಯಂತ್ರದ ಕೋಣೆಗೆ ಹೋಗುವ ಮೊದಲು ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕು. ಕಾಲುಂಗುರ ಬಿಚ್ಚಿದಳು, ಬೆಂಡೋಲೆ ಬಿಚ್ಚಿದಳು. ತಾಳಿಗೆ ಬಂದಾಗ ಕೈ ಗಟ್ಟಿಯಾಯಿತು. ಇದು ನನಗೆ ಹೊಸದಲ್ಲ. ಹೆಂಗಸರು ತಾಳಿಗೆ ಬಂದೇ ತಡವರಿಸುವುದು. ಹಾಗಾಗಿ ನನ್ನ ಡ್ರಾಯರಿನಲ್ಲಿ ಅರಿಶಿನದ ದಾರದ ಉಂಡೆಯೂ ಒಂದಿಷ್ಟು ಅರಿಶಿನದ ಕೊಂಬುಗಳೂ ಸದಾ ಇರುತ್ತವೆ. ಮೊದಲು ಕೊಂಬು ಕಟ್ಟಿದ ದಾರವನ್ನು ಕೊರಳಿಗೆ ಹಾಕುತ್ತೇನೆ, ಆಮೇಲೆ ತಾಳಿ ಹೊರಗೆ. ಕೊರಳು ಬರಿದಾಗುವುದಿಲ್ಲ, ಅವರಿಗೂ ಸಮಾಧಾನ, ನನಗೂ ಕೆಲಸ ಬೇಗ ಆಗುತ್ತದೆ. ಮರಾಠಿ ಸಹೋದ್ಯೋಗಿಗಳು ಮೊದಮೊದಲು ನಗುತ್ತಿದ್ದರು, ಈಗ ಅವರೇ ಬಂದು ದಾರ ಕೇಳುತ್ತಾರೆ. ನೀಲಮ್ಮನಿಗೂ ಹಾಗೇ ಕಟ್ಟಿ, ತಾಳಿ ಬಿಚ್ಚಿಸಿ, ತಲೆಯ ಪಿನ್ನಿನಿಂದ ಹಿಡಿದು ಸೀರೆಯ ಸೆರಗಿನ ಗಂಟಿನವರೆಗೆ ನನ್ನ ಕೈಯಾರೆ ತಡಕಿ ನೋಡಿದೆ. ಮೊಣಕಾಲಿನ ಮೇಲೆ ಗಾಯದ ಗುರುತಾಗಲಿ ಹೊಲಿಗೆಯ ಗುರುತಾಗಲಿ ಇರಲಿಲ್ಲ, ಬರೇ ಬಾವು. ಅವಳ ಮೈಮೇಲೆ ಗುಂಡುಸೂಜಿಯಷ್ಟು ಲೋಹವೂ ಇರಲಿಲ್ಲ ಎಂದು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ.

ಮಂಡಿಯ ಸ್ಕ್ಯಾನಿಗೆ ಕಾಲು ಮಾತ್ರ ಒಳಗೆ ಹೋಗುತ್ತದೆ, ತಲೆ ಹೊರಗೇ ಇರುತ್ತದೆ. ಕಿವಿಗೆ ಹೆಡ್‌ಫೋನ್ ಹಾಕಿ, ಅಲುಗಾಡಬೇಡಮ್ಮಾ, ಅಲುಗಿದರೆ ಚಿತ್ರ ಕಲಸಿಹೋಗುತ್ತದೆ ಎಂದು ಹೇಳಿ, ಬಾಗಿಲು ಹಾಕಿ ಬಂದು ಗಾಜಿನ ಈಚೆ ಕುಳಿತೆ. ನಮ್ಮ ಆಯಾ, ನಾವೆಲ್ಲ ಮಾವಶಿ ಎನ್ನುತ್ತೇವೆ, ಹಿಂದೆ ನಿಂತು ಒಗೆದ ಬೆಡ್‌ಶೀಟು ಮಡಚುತ್ತಿದ್ದಳು. ಮೊದಲ ಸುತ್ತು ಮುಗಿಯಿತು. ಎರಡನೆಯದನ್ನು ಶುರು ಮಾಡಿ, ಯಂತ್ರ ತನ್ನ ಪಾಡಿಗೆ ಕುಟ್ಟುತ್ತಿರುವಾಗ, ಮೊದಲನೆಯದರ ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತಾ ಹೋದೆ.

ಅಭ್ಯಾಸದಂತೆ ಕಣ್ಣು ಚಿಪ್ಪಿನ ಮೂಲೆಗೆ ಹೋಯಿತು. ಎರಡು ತುಂಡು. ಅದು ಎಷ್ಟೋ ಸಲ ಕಂಡಿದ್ದೇ. ಸುಮ್ಮನೆ ಕೆಳಗೆ ಸರಿಸಿದೆ. ಕೆಳಗಾಲ ಮೂಳೆಯ ಒಳಬದಿಯಲ್ಲಿ ಎಳ್ಳಿನಷ್ಟು ಕಪ್ಪು ಚುಕ್ಕೆ. ಇದ್ದಲ್ಲೇ ಇತ್ತು. ನಾನು ಕುರ್ಚಿಯನ್ನು ಮುಂದಕ್ಕೆಳೆದುಕೊಂಡೆ. ಆ ಮೂಳೆಗಳು ಆ ಸಣಕಲು ಹೆಂಗಸಿನವಲ್ಲ. ಅಗಲವಾದ, ಗಟ್ಟಿಮುಟ್ಟಾದ ಗಂಡಸಿನ ಮೂಳೆಗಳು. ಚಿಪ್ಪು, ಚುಕ್ಕೆ, ಮೂಳೆಯ ಬಾಗು, ಎಲ್ಲವನ್ನೂ ನಾನು ಕಣ್ಣು ಮುಚ್ಚಿ ಬರೆದು ತೋರಿಸಬಲ್ಲೆ. ಅದು ನನ್ನ ತಮ್ಮನ ಬಲಮಂಡಿ.

ಅಷ್ಟೇ ಆಗಿದ್ದರೆ ಹಳೇ ನೆನಪು ಕಣ್ಣಿಗೆ ಕಟ್ಟಿತು ಎಂದು ಸುಮ್ಮನಾಗುತ್ತಿದ್ದೆನೇನೋ. ಆದರೆ ನನಗೆ ಗೊತ್ತಿದ್ದ ಮಂಡಿ ಹೀಗಿರಲಿಲ್ಲ. ಎಳೆ ಎಳೆಯಾಗಿ ಬಿದ್ದಿದ್ದ ಹರಕು ಅಲ್ಲಿರಲಿಲ್ಲ. ಆ ಜಾಗದಲ್ಲಿ ದಪ್ಪನೆಯ, ನೆಟ್ಟನೆಯ ಕಪ್ಪು ಪಟ್ಟಿ ಇತ್ತು. ಮೇಲಿನ ಮೂಳೆಯಲ್ಲೂ ಕೆಳಗಿನ ಮೂಳೆಯಲ್ಲೂ ಅದನ್ನು ಹಾಯಿಸಲು ಕೊರೆದ ದಾರಿ ಸ್ಪಷ್ಟವಾಗಿ ಕಾಣುತ್ತಿತ್ತು. ತೊಡೆಮೂಳೆಯ ಹೊರಬದಿಯಲ್ಲಿ, ಪಟ್ಟಿಯನ್ನು ಹಿಡಿದಿಡಲು ಕೂರಿಸುವ ಲೋಹದ ಗುಂಡಿಯಿಂದಾಗುವ ಕಪ್ಪು ಕಲೆ. ಯಾರೋ ಅವನಿಗೆ ಆಪರೇಶನ್ ಮಾಡಿದ್ದರು, ಚೆನ್ನಾಗಿ ಮಾಡಿದ್ದರು. ಅದೂ ಇತ್ತೀಚಿನದಲ್ಲ. ಕೊರೆದ ಜಾಗದ ಸುತ್ತ ಮೂಳೆ ಕೂಡಿಕೊಂಡಿತ್ತು. ಮೂಳೆಗಳ ನಡುವಿನ ಮೆತ್ತನೆಯ ಪದರ ಅಲ್ಲಲ್ಲಿ ಸವೆದಿತ್ತು. ಸವೆಯಬೇಕಾದರೆ ನಡೆದಿರಬೇಕು. ಮನೆ ಬಿಟ್ಟಾಗಿನ ಇಪ್ಪತ್ತರ ಆಸುಪಾಸಿನ ಹುಡುಗನ ಮಂಡಿಯಲ್ಲ ಅದು, ನಲವತ್ತಕ್ಕೆ ಹತ್ತಿರವಾದ, ನಿಂತು ಓಡಾಡಿ ದುಡಿಯುತ್ತಿರುವ ಮನುಷ್ಯನ ಮಂಡಿ. ಸುಧಿ ಇದ್ದಿದ್ದರೆ ಆಗ ಅವನಿಗೆ ಅಷ್ಟೇ ವಯಸ್ಸು.

ನಾನು ಮೈಕಿನ ಗುಂಡಿ ಒತ್ತಿ, ಈ ಮಂಡಿಗೆ ಮೊದಲು ಆಪರೇಶನ್ ಆಗಿದೆಯಾ ಎಂದು ಕೇಳಿದೆ. "ಇಲ್ರೀ ಯಕ್ಕಾ, ದವಾಖಾನಿ ಮೆಟ್ಲಾನೂ ಹತ್ತಿಲ್ಲ ನಾ" ಎಂದಳು ನೀಲಮ್ಮ.

ಯಾರನ್ನಾದರೂ ಕರೆಯಬೇಕಿತ್ತು. ಮಾವಶಿ ಕೈಯಳತೆಯಲ್ಲಿದ್ದಳು, ಪಕ್ಕದ ಕೋಣೆಯಲ್ಲಿ ಇನ್ನೊಬ್ಬ ಟೆಕ್ನಿಶಿಯನ್ ಇದ್ದ. ನನಗೆ ಕರೆಯಬೇಕೆಂದೇ ಅನ್ನಿಸಲಿಲ್ಲ. ಹೆದರಿಕೆಯೂ ಆಗಲಿಲ್ಲ, ಅದೇ ಆಶ್ಚರ್ಯ. ಆಗಿದ್ದು ಬೇರೆ. ಮನೆಗೆ ಅವನು ಬಂದಿದ್ದಾನೆ, ನಾನು ಅಡುಗೆಮನೆಯಲ್ಲಿದ್ದೇನೆ, ಹೊರಗೆ ಚಪ್ಪಲಿ ಬಿಡುವ ಸದ್ದು ಕೇಳಿಸಿತು, ಅಂಥ ಒಂದು ಸುಖ. ಎಷ್ಟೋ ವರ್ಷಗಳಿಂದ ಅವನ ಮೈಯ ಒಂದು ತುಣುಕೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಂಗಿಗಳಿಂದ ಅವನ ವಾಸನೆ ಕೂಡ ಹೋಗಿತ್ತು. ಈಗ ಅವನ ಮೂಳೆ, ಅವನ ಚುಕ್ಕೆ, ಇವತ್ತಿನ ಸವೆತದ ಸಮೇತ ನನ್ನ ಮುಂದಿತ್ತು. ಮುಟ್ಟಬೇಕೆನ್ನಿಸಿತು. ಪರದೆಯ ಮೇಲೆ ಬೆರಳಿಟ್ಟೆ. ಮೈಕಿನ ಗುಂಡಿ ಇನ್ನೂ ಒತ್ತಿಯೇ ಇತ್ತೋ, ಮತ್ತೆ ಒತ್ತಿದೆನೋ ನೆನಪಿಲ್ಲ, "ಸುಧಿ, ಎಲ್ಲಿದ್ದೆ ಮಗಾ" ಎಂದುಬಿಟ್ಟೆ.

ಯಂತ್ರ ಕುಟ್ಟುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಎರಡನೇ ಸುತ್ತಿನ ಚಿತ್ರಗಳು ಬಂದವು. ಅಷ್ಟೂ ಕಲಸಿಹೋಗಿದ್ದವು. ಕಾಲು ಜೋರಾಗಿ ಅಲುಗಿದರೆ ಆಗುವ ಹಾಗೆ ಗೆರೆಗಳ ಮೇಲೆ ಗೆರೆ, ಮೂಳೆ ಯಾವುದು ಮಾಂಸ ಯಾವುದು ತಿಳಿಯದು.

ನಾನು ಎದ್ದು ಒಳಗೆ ಹೋದೆ. ನೀಲಮ್ಮ ಕಣ್ಣು ಬಿಟ್ಟುಕೊಂಡು ಚಾವಣಿ ನೋಡುತ್ತಿದ್ದಳು. ಯಾಕಮ್ಮಾ ಅಲುಗಾಡಿಸಿದೆ ಎಂದರೆ, ತಾನು ಅಲುಗಾಡಿಸಿಲ್ಲ ಎಂದು ಆಣೆ ಹಾಕಿದಳು. ಆಮೇಲೆ ದನಿ ತಗ್ಗಿಸಿ, "ನೀವ್ ಯಾರನ್ನೋ ಕರದ್ರಲ್ರೀ, ಆವಾಗ ಕಾಲು ತಾನ ಜಗ್ಗಿತ್ರೀ. ಅಷ್ಟೊತ್ತನಕ ಕಾಲು ನಂದಲ್ಲ ಅನ್ನಂಗ ಇತ್ತು, ನೋವಾ ಇರ್ಲಿಲ್ಲ. ಈಗ ಮತ್ತ ನೋವು ಹತ್ತೇತ್ರಿ" ಎಂದಳು. ನಾನು ಅವಳ ಮಂಡಿಯನ್ನು ಮುಟ್ಟಿ ನೋಡಿದೆ. ಬಾತುಕೊಂಡ ಪುಟ್ಟ ಮಂಡಿ. ಮತ್ತೆ ಸರಿಯಾಗಿ ಕೂರಿಸಿ, ಪಕ್ಕದಲ್ಲಿ ದಿಂಬು ಒತ್ತರಿಸಿ ಹೊರಗೆ ಬಂದೆ.

ಬಂದು ನೋಡಿದರೆ ಪರದೆಯ ಮೇಲೆ ಮೊದಲ ಸುತ್ತಿನ ಚಿತ್ರಗಳೇ ಇದ್ದವು. ಆದರೆ ಅವು ನೀಲಮ್ಮನವು. ಇಡೀ ಚಿಪ್ಪು, ಸಪೂರ ಮೂಳೆ, ಚುಕ್ಕೆ ಇಲ್ಲ, ಗುಂಡಿ ಇಲ್ಲ. ಲಿಗಮೆಂಟು ಅರ್ಧ ಹರಿದಿತ್ತು. ಹಿಂದೆ ಮುಂದೆ ಎಷ್ಟು ಸಲ ಸರಿಸಿದೆನೋ. ಮೊದಲಿನಿಂದ ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ. ಏನೂ ಇಲ್ಲ. ಮಾವಶಿ ಮಡಚುವುದನ್ನು ನಿಲ್ಲಿಸಿ, ಏನಾಯಿತು, ಯಾರನ್ನು ಕರೆದೆ ಎಂದು ಮರಾಠಿಯಲ್ಲಿ ಕೇಳಿದಳು. ಏನಿಲ್ಲ ಎಂದೆ. ಸ್ಕ್ಯಾನ್ ಮುಗಿಸಲೇಬೇಕಿತ್ತು, ಆ ಹೆಂಗಸಿನ ಕಾಲೂ ಒಂದು ಕಾಲೇ ಅಲ್ಲವೇ. ಎರಡನೇ ಸುತ್ತನ್ನು ಮತ್ತೆ ಮಾಡಿ, ಉಳಿದದ್ದನ್ನೂ ಮುಗಿಸಿದೆ. ಎಲ್ಲವೂ ಚೊಕ್ಕವಾಗಿ ಬಂದವು. ಅವಳಿಗೆ ಆಪರೇಶನ್ ಬೇಕಾಗಲಿಲ್ಲ, ವಿಶ್ರಾಂತಿ ಮತ್ತು ವ್ಯಾಯಾಮ ಸಾಕು ಎಂದರು ಎಂದು ಆಮೇಲೆ ತಿಳಿಯಿತು. ಹೊರಡುವಾಗ ತಾಳಿ ಹಾಕಿಕೊಂಡು, ಅರಿಶಿನದ ದಾರವನ್ನು ತೆಗೆಯದೆ ಹಾಗೇ ಬಿಟ್ಟುಕೊಂಡಳು. ನೀವು ಕರೆದವರು ಯಾರು ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ.

ಉಳಿದದ್ದು ಆ ಕಲಸಿಹೋದ ಚಿತ್ರಗಳು ಮಾತ್ರ. ಕೆಟ್ಟ ಚಿತ್ರಗಳನ್ನು ಡಾಕ್ಟರಿಗೆ ಕಳಿಸುವುದಿಲ್ಲ, ಯಂತ್ರದಲ್ಲೇ ಬಿದ್ದಿರುತ್ತವೆ, ಜಾಗ ತುಂಬಿದ ಮೇಲೆ ತಾವಾಗಿ ಅಳಿಸಿಹೋಗುತ್ತವೆ. ಅಳಿಸಿಹೋಗುವ ತನಕ ನಾನು ದಿನವೂ ಬೆಳಿಗ್ಗೆ ಬಂದವಳೇ ಅವನ್ನು ತೆರೆದು ನೋಡುತ್ತಿದ್ದೆ. ಒಮ್ಮೆ ಚಿಪ್ಪು ಎರಡಾಗಿ ಕಂಡ ಹಾಗಾಗುತ್ತಿತ್ತು, ಒಮ್ಮೆ ಇಲ್ಲ. ಅದು ಯಾರ ಮಂಡಿ ಎಂದು ಹೇಳಲು ಯಾವ ಡಾಕ್ಟರಿಗೂ ಸಾಧ್ಯವಿರಲಿಲ್ಲ. ಒಂದು ದಿನ ಬಂದಾಗ ಅವೂ ಇರಲಿಲ್ಲ.

ನೀವು ಹೇಳುವುದನ್ನು ನಾನೇ ಹೇಳಿಕೊಂಡಿದ್ದೇನೆ. ಬೇಕು ಬೇಕು ಎಂದು ಹಂಬಲಿಸಿದವರ ಕಣ್ಣಿಗೆ ಬೇಕಾದ್ದೇ ಕಾಣುತ್ತದೆ. ಇರಬಹುದು. ಆದರೆ ನಾನು ಹಂಬಲಿಸಿದ್ದು ಹರಿದ ಮಂಡಿಗೆ. ಅದನ್ನೇ ಇಷ್ಟು ವರ್ಷ ಹುಡುಕಿದ್ದೆ, ಗೆಳೆಯರಿಗೂ ಅದನ್ನೇ ಹೇಳಿದ್ದೆ. ಅವನಿಗೆ ಆಪರೇಶನ್ ಆಗಿರಬಹುದು, ಅವನು ನೆಟ್ಟಗೆ ನಡೆಯುತ್ತಿರಬಹುದು ಎಂಬ ಯೋಚನೆ ಒಂದು ದಿನವೂ ನನ್ನ ತಲೆಗೆ ಬಂದಿರಲಿಲ್ಲ. ನನ್ನ ತಲೆಯಲ್ಲೇ ಇಲ್ಲದ್ದನ್ನು ನನ್ನ ಕಣ್ಣು ಎಲ್ಲಿಂದ ತಂದಿತು? ಮತ್ತೆ, ಆಪರೇಶನ್ ಆಗಿದೆಯಾ ಎಂದು ನಾನು ಕೇಳಿದ್ದನ್ನು ಮಾವಶಿ ಕೇಳಿಸಿಕೊಂಡಿದ್ದಾಳೆ, ನೀಲಮ್ಮ ಉತ್ತರ ಕೊಟ್ಟಿದ್ದಾಳೆ. ಮೂಳೆಯ ಮೇಲಿನ ಆ ಲೋಹದ ಗುಂಡಿ ಕಾಣದೆ ನಾನು ಹಾಗೆ ಕೇಳುವವಳಲ್ಲ.

ಆ ಸಂಜೆ ಸಾನಪಾಡಾದಿಂದ ಠಾಣೆಯವರೆಗೆ ಕಿಟಕಿಯ ಪಕ್ಕ ಕುಳಿತು ಪ್ಲಾಟ್‌ಫಾರ್ಮಿನಲ್ಲಿ ನಡೆಯುವ ಗಂಡಸರ ಕಾಲುಗಳನ್ನೇ ನೋಡಿದೆ. ಇಷ್ಟು ದಿನ ಕುಂಟುವವರನ್ನು ನೋಡುತ್ತಿದ್ದೆ. ಅವತ್ತು ಕುಂಟದವರನ್ನೂ ನೋಡಬೇಕಾಯಿತು. ಎಷ್ಟು ಜನ ಗಂಡಸರು ಸಲೀಸಾಗಿ ನಡೆಯುತ್ತಾರೆ ಈ ಊರಿನಲ್ಲಿ. ಅಳು ಬಂತು. ಪಕ್ಕದಲ್ಲಿ ಕುಳಿತ ಹೆಂಗಸು ನೀರಿನ ಬಾಟಲಿ ಕೊಟ್ಟಳು.

ಅಮ್ಮನಿಗೆ ಹೇಳಬಾರದೆಂದು ಗಟ್ಟಿ ಮಾಡಿಕೊಂಡೇ ಮನೆಗೆ ಹೋದೆ. ಇಷ್ಟು ವರ್ಷ ಅವಳ ದರ್ಶನ, ಹರಕೆಗಳನ್ನೆಲ್ಲ ಆಡಿಕೊಂಡವಳು ನಾನು, ಯಾವ ಬಾಯಲ್ಲಿ ಹೇಳಲಿ? ಅಮ್ಮ ಅಡುಗೆಮನೆಯಲ್ಲಿ ಕುಳಿತು ಬಸಳೆ ಸೋಸುತ್ತಿದ್ದಳು. ತಲೆಯೆತ್ತಿ ನನ್ನ ಮುಖ ನೋಡಿ, "ಎಂತ ಆಯ್ತ್ ಹೆಣೆ?" ಎಂದಳು. ಅಷ್ಟೇ ಸಾಕಾಯಿತು. ಅವಳ ಪಕ್ಕ ನೆಲದ ಮೇಲೆ ಕುಳಿತು, ಚಿಪ್ಪಿನಿಂದ ಲೋಹದ ಗುಂಡಿಯವರೆಗೆ ಎಲ್ಲವನ್ನೂ ಹೇಳಿದೆ.

ಅಮ್ಮ ಕೈಯಲ್ಲಿದ್ದ ಬಸಳೆಯನ್ನು ಕೆಳಗಿಟ್ಟು ಕೇಳಿದಳು. ಇದು ನಿಜವಾ, ಭ್ರಮೆಯಾ ಎಂದು ಕೇಳಲಿಲ್ಲ. ಅವನು ಬದುಕಿದ್ದಾನಾ ಎಂದೂ ಕೇಳಲಿಲ್ಲ, ಅದು ಅವಳಿಗೆ ಎಂದೂ ಅನುಮಾನದ ವಿಷಯವಾಗಿರಲೇ ಇಲ್ಲ. ಆಪರೇಶನ್ ಆದ ಮೇಲೆ ಏನೇನು ಮಾಡಬೇಕಾಗುತ್ತದೆ ಎಂದು ಕೇಳಿದಳು. ನಾನು ಹೇಳಿದೆ: ಒಂದಷ್ಟು ದಿನ ಕಾಲು ಊರುವ ಹಾಗಿಲ್ಲ, ಆಮೇಲೆ ಕೋಲು, ಮಂಡಿ ಮಡಿಸುವುದನ್ನು ದಿನಾ ಸ್ವಲ್ಪ ಸ್ವಲ್ಪವೇ ಕಲಿಸಬೇಕು, ಬಹಳ ನೋಯುತ್ತದೆ, ಬಾತ್‌ರೂಮಿಗೂ ಯಾರಾದರೂ ಹಿಡಿದುಕೊಂಡೇ ಕರೆದುಕೊಂಡು ಹೋಗಬೇಕು.

ಅಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಕೇಳಿದಳು: "ಹಂಗಾರೆ ಅವ್ನನ್ನ್ ಹಿಡ್ಕಂಡ್ ನಡ್ಸದ್ ಯಾರ್?"

ಅಮ್ಮ ನನ್ನ ಉತ್ತರಕ್ಕೆ ಕಾಯಲಿಲ್ಲ. ಮತ್ತೆ ಬಸಳೆಯನ್ನು ಕೈಗೆತ್ತಿಕೊಂಡು, ತಲೆ ತಗ್ಗಿಸಿಕೊಂಡೇ, ಎಲ್ಲೋ ಇರುವ ಆ ಯಾರಿಗೋ ಹೇಳಿದಳು: "ಯಾರಾರೂ ಆಯ್ಲಿ, ಅವ್ರ್ ಹೊಟ್ಟೆ ತಣ್ಣಗ್ ಇರ್ಲಿ."